ಮಂತ್ರಗಾತಿಯ ಮಾತು

ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ನನ್ನನ್ನು ಇಂದಿರಾನಗರದ ಗೆಳೆಯರೊಬ್ಬರ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಭಾನುವಾರ ಮಧ್ಯಾಹ್ನ ಆಫೀಸಿನವರೆಲ್ಲ ಸೇರಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಆಡುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ನಾನು ಮಂತ್ರಗಾತಿಯಾದೆ. ಅವಳ ಮಂತ್ರಕ್ಕೆ ಮಾತಿನ ಮೋಡಿಯೇ ಶಕ್ತಿ ಅಂದರು. ಪಾತ್ರದ ಗುಣಗಳಿಗೆ ಹಂಚಲು ಕೊಟ್ಟ ಅಂಕಗಳಲ್ಲಿ ಮೈಬಲಕ್ಕೆ ಕಮ್ಮಿ ಮಾಡಿ, ಉಳಿದದ್ದನ್ನೆಲ್ಲ ಮೋಡಿಗೇ ಸುರಿದೆ.

ಆಟದ ಕಥೆಯಲ್ಲಿ, ಕೋಟೆ ಬಾಗಿಲಲ್ಲಿ ಕಾವಲುಗಾರ ತಡೆದ. ಆ ಪಾತ್ರ ಆಡುತ್ತಿದ್ದವರು ಆ ಮನೆಯ ಗೆಳೆಯರೇ. "ನಂಗೇನು ಹೇಳ್ತೀರಾ, ಹೇಳಿ" ಅಂದರು. ಕಾವಲುಗಾರನ ಮೀಸೆ ಹೊಗಳಿದೆ, ಅವನ ಒಂಟಿತನಕ್ಕೆ ಮರುಗಿದೆ, ದನಿ ತಗ್ಗಿಸಿ ನಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನರು ಮಾತ್ರ ದಾಳವನ್ನೇ ನೋಡುತ್ತಾ ಕೂತಿದ್ದರು.

ಜೀವನ್ ಬಿಮಾ ನಗರಕ್ಕೆ ವಾಪಸಾಗುವಾಗ, ಸ್ಕೂಟರ್ ಓಡಿಸುತ್ತಲೇ ಕೇಳಿದರು: "ನನ್ನ ಹತ್ರ ಒಂದಿನಾನೂ ಹಾಗೆ ಮಾತಾಡಿಲ್ವಲ್ಲ ನೀನು?"

ಮುಖ ಸುಟ್ಟಂತಾಯಿತು. "ಅದು ಆಟ ಅಲ್ವೇನ್ರೀ" ಅಂದೆ. ಅಷ್ಟು ಸಲೀಸಾಗಿ ಮಾತಾಡಬಲ್ಲೆ ಅನ್ನೋದು ನನಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹೊಸ ಪಾತ್ರ ಮಾಡಿಕೊಂಡೆ, ಬರೀ ಕತ್ತಿ ಬೀಸಿದರೆ ಸಾಕು ಅನ್ನುವಂಥ ಸಿಪಾಯಿ. "ಮಂತ್ರಗಾತೀನ ಯಾಕೆ ಬಿಟ್ರಿ?" ಗೆಳೆಯರು ಕೇಳಿದರು.

ಯಜಮಾನರ ಮುಖ ನೋಡಿದೆ. "ನಂಗೆ ಮಾತಾಡೋಕೆ ಬರಲ್ಲ ಬಿಡಿ" ಅಂದೆ. ಅವರು ಹಗುರಾಗಿ ನಕ್ಕರು. ಆವತ್ತು ಸ್ಕೂಟರ್ ಮೇಲೆ ಆಗಿದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆಗ ಆಯಿತು.