ಸೀಟನ್ನು ನಡುವಿಗೆ ತರುವ ಕನ್ನಡಿಯಣ್ಣ

ಬೆಳಗಿನ ಐದೂವರೆ. ಓಣಿ ಇನ್ನೂ ಆಕಳಿಸುತ್ತಿದೆ. ಒಂದು ಬಕೆಟ್ಟು, ಎರಡು ಬಟ್ಟೆ, ಸವೆದ ಹಲ್ಲುಜ್ಜುವ ಬ್ರಶ್ಶು ಹಿಡಿದು ಬಂದವರು ಮೊದಲ ಕಾರಿನ ಬಾಗಿಲು ತೆಗೆದು ಮೂಗರಳಿಸುತ್ತಾರೆ. ನಿನ್ನೆ ಇದನ್ನು ಒಯ್ದವರು ಮೂರನೇ ಮಹಡಿಯವರು, ತಂದದ್ದು ಈರುಳ್ಳಿ ಮೂಟೆ ಎಂದು ಅಲ್ಲೇ ತೀರ್ಪು ಕೊಡುತ್ತಾರೆ. ಸಿಪ್ಪೆ ಗುಡಿಸಿ, ಸ್ಟೇರಿಂಗ್ ಒರೆಸಿ, ಸೀಟಿನ ಕೆಳಗಿನ ಹಿಡಿ ಎಳೆದು ಟಕ್ ಟಕ್ ಎಂದು ಹಳಿಯ ಹಲ್ಲು ಎಣಿಸುತ್ತಾ ಸೀಟನ್ನು ಸರಿಯಾಗಿ ನಡುವಿಗೆ ತರುತ್ತಾರೆ. ಕೊನೆಗೆ ಕನ್ನಡಿಯನ್ನು ತಿರುಗಿಸುತ್ತಾರೆ. ಅದಕ್ಕೇ ಓಣಿಯ ಮಕ್ಕಳ ಬಾಯಲ್ಲಿ ಇವರು ಕನ್ನಡಿಯಣ್ಣ. ಸ್ವಂತ ಹೆಸರು ಹಿಡಿದು ಕರೆದರೆ ಈಗ ತಿರುಗಿಯೂ ನೋಡುವುದಿಲ್ಲವಂತೆ.

"ಎಲ್ಲರ ಕಾರು ಇದು. ಹತ್ತಿದೋರಿಗೆ ತಮ್ಮದೇ ಅನ್ನಿಸ್ಬೇಕು. ಹಿಂದಿನೋರ ಗುರುತು ಒಂಚೂರೂ ಉಳೀಬಾರದು" ಎನ್ನುತ್ತಾರೆ.

ಒಂದು ಕಾರಿಗೆ ಇಪ್ಪತ್ತು ನಿಮಿಷ, ಐದು ಕಾರು, ಏಳೂಕಾಲಿಗೆ ಕೆಲಸ ಮುಗಿಯಬೇಕು. ಈ ಐದು ಕಾರನ್ನೇ ಐವತ್ತನಾಲ್ಕು ಮನೆಗಳು ಸರದಿಯ ಮೇಲೆ ಬಳಸುತ್ತವೆ. ಹಿಂದೆ ಇಲ್ಲಿ ನಲವತ್ತಮೂರು ಕಾರುಗಳಿದ್ದವು. ಎರಡೂ ಬದಿ ಒತ್ತೊತ್ತಾಗಿ ನಿಂತು, ಹಾಲಿನವನ ಸೈಕಲ್ಲೂ ಅಡ್ಡಡ್ಡ ನುಸುಳಬೇಕಿತ್ತು. ಮಕ್ಕಳ ಆಟವೆಲ್ಲ ಮೆಟ್ಟಿಲ ಮೇಲೇ. ಅಷ್ಟೂ ಕಾರುಗಳನ್ನು ತೊಳೆಯುತ್ತಿದ್ದವರು ಇವರೇ.

ಬದಲಾವಣೆಗೆ ಕೈಹಾಕಿದ್ದು ಓಣಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಕ್ಕ. ವಾರಕ್ಕೆ ಆರು ದಿನ ಸುಮ್ಮನೆ ನಿಲ್ಲುವ ವಸ್ತುವಿಗೆ ಇಷ್ಟು ಜಾಗ ಯಾಕೆ ಎಂದು ಜಗಳ ತೆಗೆದು, ಮೊದಲು ತಮ್ಮ ಕಾರಿನ ಕೀಲಿಯನ್ನೇ ಓಣಿಗೆ ಒಪ್ಪಿಸಿದರು. ಒಬ್ಬೊಬ್ಬರಾಗಿ ಉಳಿದವರೂ ದಾರಿಗೆ ಬಂದರು. ಈಗ ಆ ಜಾಗದಲ್ಲಿ ನಾಲ್ಕು ಮರ, ಎರಡು ಕಲ್ಲುಬೆಂಚು, ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿದ ಕುಂಟೆಬಿಲ್ಲೆಯ ಮನೆಗಳು.

ಕಾರುಗಳು ಕರಗಿದಂತೆ ಇವರ ಕೆಲಸವೂ ಕರಗತೊಡಗಿತ್ತು. ಆಗಲೂ ಸಭೆಯಲ್ಲಿ ಎದ್ದು ನಿಂತದ್ದು ಟೈಲರಕ್ಕನೇ. "ಕಾರು ಹೋದ್ರೆ ಹೋಗ್ಲಿ. ನನ್ನ ತಮ್ಮ ಎಲ್ಲಿಗೂ ಹೋಗಲ್ಲ" ಎಂದು ಐದೂ ಕಾರುಗಳ ಉಸ್ತುವಾರಿಯನ್ನು ಇವರ ಕೈಗೆ ಕೊಡಿಸಿದರು.

ಅಕ್ಕ ಕುಳ್ಳಿ. ಅವರು ಓಡಿಸಿದ ಮರುದಿನ ಸೀಟು ಸ್ಟೇರಿಂಗಿಗೆ ಅಂಟಿಕೊಂಡೇ ಇರುತ್ತಿತ್ತು, ನಡುವಿನಿಂದ ಐದು ಹಲ್ಲು ಮುಂದೆ. ಅಂಗಡಿಯಲ್ಲಿ ಊರವರ ಅಳತೆ ನೀವು ತೆಗೆದರೆ ನಿಮ್ಮ ಅಳತೆ ದಿನಾ ನಾನು ತೆಗೆಯುತ್ತೇನೆ ಎಂದು ಇವರು ಕಾಲೆಳೆಯುತ್ತಿದ್ದರು.

ಕಳೆದ ವರ್ಷ ಒಂದು ಸಂಜೆ ಅಕ್ಕ ಬಟ್ಟೆಯ ಗಂಟು ತಂದು, ಕಾರು ನಿಲ್ಲಿಸಿ, ಮನೆಗೆ ಹೋದರು. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಐದೂವರೆಗೆ ಬಂದ ಕನ್ನಡಿಯಣ್ಣನಿಗೆ ಸುದ್ದಿ ಯಾರು ಹೇಳಬೇಕು? ಎಂದಿನಂತೆ ಒರೆಸಿದರು, ಗುಡಿಸಿದರು, ಟಕ್ ಟಕ್ ಎಂದು ಐದು ಹಲ್ಲು ಹಿಂದೆ ತಳ್ಳಿದರು.

ಆರೂವರೆಗೆ ಅಕ್ಕನ ಗಂಡ, ನಿವೃತ್ತ ಮೇಷ್ಟ್ರು, ಆಸ್ಪತ್ರೆಯಿಂದ ನೇರ ಆ ಕಾರಿನ ಬಳಿ ಬಂದರು. ಅವರಿಗೆ ಕಾರು ಓಡಿಸಲು ಬಾರದು. ಆದರೂ ಸ್ಟೇರಿಂಗಿನ ಮುಂದೆ ಕೂತರು. ಮೊಣಕಾಲಿಗೂ ಸ್ಟೇರಿಂಗಿಗೂ ನಡುವೆ ಜಾಗವೋ ಜಾಗ. ಕೈಯಿಂದ ಅದನ್ನು ತಡವಿ ನೋಡಿ ಕೇಳಿದರು: "ಸರಿಸಿಬಿಟ್ಯಾ?"

"ಹೂಂ ಮೇಷ್ಟ್ರೇ. ದಿನಾ ಸರಿಸ್ತೀನಲ್ಲ."

"ಸರಿ ಬಿಡು. ಇನ್ನೊಬ್ಬರಿಗೆ ಬೇಕಾಗುತ್ತೆ" ಎಂದರು. ಆಮೇಲೆ ವಿಷಯ ಹೇಳಿದರು.

ತಿಂಗಳು ಕಳೆದ ಮೇಲೆ ಕನ್ನಡಿಯಣ್ಣ ಸೀಟನ್ನು ಐದು ಹಲ್ಲು ಮುಂದೆ ತಂದಿಟ್ಟು, ಮೇಷ್ಟ್ರನ್ನು ಕೈಹಿಡಿದು ಕರೆತಂದರು. ಮೇಷ್ಟ್ರು ಬಗ್ಗಿ ನೋಡಿದರು. ಇವರ ಬೆನ್ನು ಸವರಿ, "ಇದು ನೀನಿಟ್ಟಿದ್ದಲ್ವೇನೋ" ಎಂದು ಹೋಗಿ ಬೆಂಚಿನ ಮೇಲೆ ಕೂತರು. ಅಕ್ಕನ ಕಾರು ಮೊದಲು ನಿಲ್ಲುತ್ತಿದ್ದ ಜಾಗವದು. ಈಗಲೂ ದಿನವೂ ಅಲ್ಲೇ ಕೂತು ಮಕ್ಕಳ ಆಟ ನೋಡುತ್ತಾರೆ.

ಓಣಿ ಚೆನ್ನಾಗಿದೆ, ಅಕ್ಕ ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ ಎಂದು ಕನ್ನಡಿಯಣ್ಣ ಒಪ್ಪುತ್ತಾರೆ. ಆದರೆ ಸಂಕಟ ಹೋಗಿಲ್ಲ. ಐದನೇ ಕಾರಿನ ಬಾಗಿಲು ಮುಚ್ಚಿ, ಬಟ್ಟೆ ಹಿಂಡುತ್ತಾ ಹೇಳುತ್ತಾರೆ:

"ಹತ್ತೊಂಬತ್ತು ವರ್ಷ ಆಯ್ತು, ಒಂದು ದಿನಾನೂ ತಡ ಮಾಡಿದೋನಲ್ಲ. ಆ ಒಂದು ದಿನ ಮಾಡ್ಬೇಕಿತ್ತು."