ಬ್ಯಾಡ ಎನ್ನುವ ಅಂಗಡಿ

ಅಂಟಿನುಂಡಿ ಬಾಣಂತಿಗಾಗಿ ಎಂದು ಹೇಳಿ ಕಟ್ಟಿ, ಬಾಣಂತಿಗಿಂತ ಒಂದು ಹೆಚ್ಚು ತಿನ್ನುವವಳು ನಾನು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಬರೆಯುವುದು ಹಗುರ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟ ಕೈ ನನ್ನದು. ಸಂತೋಷವಾದರೆ ಅಕ್ಷರಗಳು ಸಾಲಿನಲ್ಲಿ ನಿಲ್ಲುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನ್ನ ಮಗಳು ಗಂಗಾ ಹೆಣ್ಣು ಹಡೆದಿದ್ದಾಳೆ. ಓಣಿಗೆಲ್ಲ ಸಕ್ಕರೆ ಹಂಚಿ, ಎದುರಿಗೆ ಸಿಕ್ಕ ಟಾಂಗಾದವನಿಗೂ ಸುದ್ದಿ ಹೇಳಿದೆ. ಅವನ ಕುದುರೆಯೂ ಕಿವಿ ನಿಮಿರಿಸಿ ಕೇಳಿತು.

ಐದನೆಯ ದಿನ ದೊಡ್ಡ ಚೀಲ ಹಿಡಿದು ಮಲ್ಲಪ್ಪ ಕಾಕಾರ ಅಂಗಡಿಗೆ ಹೋದೆ. ಹಳೇ ಹುಬ್ಬಳ್ಳಿಯಲ್ಲಿ ಬಾಣಂತಿ ಸಾಮಾನು ಎಂದರೆ ಅದೇ ಅಂಗಡಿ. ಶುಂಠಿ, ಅಳವಿ, ಉತ್ತತ್ತಿ, ಬಜೆ ಎಲ್ಲದರ ವಾಸನೆ ಕೂಡಿ ಓಣಿಯ ತಿರುವಿನಲ್ಲೇ ಮೈ ಬೆಚ್ಚಗಾಗುತ್ತಿತ್ತು. ಆದರೆ ಕಾಕಾ ತಕ್ಕಡಿ ಮುಟ್ಟುವ ಮೊದಲು ಮೂರು ಮಾತು ಕೇಳುವವರು: ಯಾರಿಗೆ, ಎಷ್ಟು ದಿನವಾಯಿತು, ಹಸಿವೆ ಹೇಗಿದೆ. ಉತ್ತರ ಸರಿಬೀಳದಿದ್ದರೆ ‘ಬ್ಯಾಡ’ ಅಂದುಬಿಡುವರು. ಕೆಮ್ಮಿಗೆ ಜ್ಯೇಷ್ಠಮಧು ತರಲು ಹೋದ ನಮ್ಮ ಮನೆಯವರನ್ನು, ಮೊದಲು ಬೀಡಿ ಬಿಡು ಎಂದು ಬರಿಗೈಯಲ್ಲಿ ಕಳಿಸಿದ್ದರು. ಜನ ಎಷ್ಟು ದಿನ ಪರೀಕ್ಷೆ ಕೊಟ್ಟಾರು? ಏನೂ ಕೇಳದೆ ಬಾಟಲಿ ಕೊಡುವ ಹೊಸ ಅಂಗಡಿ ಬಂತು, ಎಲ್ಲರೂ ಅತ್ತ ನಡೆದರು. ಪರರನ್ನು ಯಾಕೆ ಅನ್ನಲಿ, ನನ್ನ ಮೊಣಕಾಲಿಗೆ ಎಣ್ಣೆ ತಂದದ್ದೂ ಅಲ್ಲಿಂದಲೇ. ಬಾಟಲಿಯ ಮೇಲೊಬ್ಬ ಪೈಲ್ವಾನನಿದ್ದ. ನನ್ನ ಮೊಣಕಾಲು ಅವನ ಗುರುತೇ ಹಿಡಿಯಲಿಲ್ಲ.

ಅಂದು ಅಂಗಡಿಯ ಅರ್ಧ ಡಬ್ಬಿಗಳು ಕೆಳಗಿಳಿದಿದ್ದವು. ನಾಳೆ ಬಾಗಿಲು ಹಾಕಿ ಗೋಪನಕೊಪ್ಪದ ಮಗಳ ಮನೆಗೆ ಹೋಗುವೆನೆಂದರು ಕಾಕಾ. ಗಂಗಾ ಎಷ್ಟು ಸೊರಗಿದ್ದಳೆಂದರೆ, ಕೂಸನ್ನು ಎತ್ತಿಕೊಳ್ಳಲೂ ನನ್ನನ್ನು ಕರೆಯುತ್ತಿದ್ದಳು. ಇದ್ದ ಅಂಟನ್ನೆಲ್ಲ ನನಗೇ ಕಟ್ಟಿಬಿಡಿ ಎಂದೆ.

“ಬ್ಯಾಡವಾ ತಂಗಿ. ಐದು ದಿನದ ಹೊಟ್ಟಿಗೆ ಅಂಟು ಭಾರ ಆಗತೈತಿ. ಹನ್ನೆರಡು ದಾಟಲಿ, ಬಾ.”

“ಎಲ್ಲಿಗೆ ಬರ್ಲಿ ಕಾಕಾ? ನಾಳಿಗೆ ನೀವ ಇರಂಗಿಲ್ಲ. ಕೊಡ್ರಿ, ತಗದ ಇಟ್ಟಿರತೇನಿ.”

“ನಿನ್ನ ಮಾರಿ ಮ್ಯಾಗಿನ ಖುಷಿ ನೋಡಿದರ ಇವತ್ತ ಸಂಜಿಗೇ ಉಂಡಿ ಕಟ್ಟತಿ. ಅಂಗಡಿ ಮುಚ್ಚತೈತಿ ಅಂತ ಆಕಿ ಹೊಟ್ಟಿ ಲಗೂ ಗಟ್ಟಿ ಆಗತೈತೇನು?” ಎಂದವರು ನನ್ನ ಚೀಲ ನೋಡಿ, “ಇಷ್ಟು ಒಬ್ಬಾಕಿಗೋ, ಇಬ್ಬರಿಗೋ?” ಎಂದರು.

ಸಿಟ್ಟು ಬಂತು. ಎರಡೂ ಮಾತು ಖರೇ ಇದ್ದವಲ್ಲ, ಅದಕ್ಕೇ ಬಂತು. ಅಜವಾನ ಅಷ್ಟೇ ಕಟ್ಟಿಸಿಕೊಂಡು ಮನೆಗೆ ಬಂದೆ.

ಅಂಟು ಎಂದರೆ ಮರದ ಗಾಯದಿಂದ ಒಸರಿದ್ದು. ತನ್ನ ಗಾಯವನ್ನು ಮರ ತಾನೇ ಮುಚ್ಚಿಕೊಳ್ಳುವ ಮದ್ದನ್ನೇ ಹಡೆದವಳಿಗೆ ಕೊಡಬೇಕೆಂದು ಮೊದಲು ಹೊಳೆದದ್ದು ಯಾವ ಅಜ್ಜಿಗೋ! ಒಳ್ಳೆಯ ಅಂಟು ಕಾದ ತುಪ್ಪದಲ್ಲಿ ಮಲ್ಲಿಗೆಯಂತೆ ಅರಳುತ್ತದೆ. ಹನ್ನೆರಡನೆಯ ದಿನ ನಾನು ಹೊಸ ಅಂಗಡಿಯಿಂದ ತಂದದ್ದು ತುಪ್ಪ ಕುಡಿದು ಹರಳಿನಂತೆ ತಳದಲ್ಲಿ ಕೂತಿತು. ಒಲೆಯ ಮುಂದೆ ನಾನೂ ಹಾಗೆಯೇ ಕೂತೆ.

ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಮಲ್ಲಪ್ಪ ಕಾಕಾ. ಮೊಣಕಾಲ ತನಕ ಧೂಳು, ಹೆಗಲ ವಲ್ಲಿಯಲ್ಲಿ ಗಂಟು. ಗೋಪನಕೊಪ್ಪದಿಂದ ನಡೆದೇ ಬಂದಿದ್ದರು. ಒಳಗೂ ಬರಲಿಲ್ಲ, ನೀರೂ ಕೇಳಲಿಲ್ಲ. ಹೊಸ್ತಿಲಾಚೆ ನಿಂತೇ ಗಂಗಾಳಿಗೆ ಹಸಿವೆ, ನಿದ್ದೆ, ಹಾಲು ಎಲ್ಲ ವಿಚಾರಿಸಿದರು. ಜೋಗುಳ ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ಕೇಳುತ್ತಿದ್ದರು. ಗಂಗಾ ಒಂದೊಂದಕ್ಕೂ ಸಾಲೆಯ ಹುಡುಗಿಯಂತೆ ಉತ್ತರ ಕೊಟ್ಟಳು.

“ಹಾಂಗಾದರ ಈಗ ಕೊಡಬಹುದು,” ಎಂದು ದೊಡ್ಡ ಪೊಟ್ಟಣ ಚಾಚಿದರು. ಆಮೇಲೆ ಒಂದು ಸಣ್ಣದನ್ನು ನನ್ನ ಕೈಗಿಟ್ಟರು. “ಇದು ಅಜ್ಜಿಗೆ.”

“ನನಗ ಏನೂ ಕೇಳಲೇ ಇಲ್ಲಲ್ರಿ ಕಾಕಾ?”

“ಕೇಳಾಕ ಈಗ ಅಂಗಡಿ ಎಲ್ಲೈತವಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಅಂಟು ತುಪ್ಪದಲ್ಲಿ ಬಿಳಿಯಾಗಿ ಅರಳಿತು. ಗಂಗಾ ಮೊದಲ ಉಂಡೆ ತಿಂದಳು. ಎರಡನೆಯದು ನನ್ನ ಬಾಯಿಯ ತನಕ ಬಂದು ನಿಂತಿತು. ಕೇಳುವವರು ಅಂಗಡಿ ಮುಚ್ಚಿ ಹೋದ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಲ್ಲ! ಕೇಳಿಕೊಂಡೆ. ಯಾರಿಗೆ? ಅಜ್ಜಿಗೆ. ಎಷ್ಟು ದಿನವಾಯಿತು? ಅಜ್ಜಿಯಾಗಿ ಹದಿಮೂರು ದಿನ. ಹಸಿವೆ ಹೇಗಿದೆ?

ಎಲ್ಲ ಉತ್ತರಗಳೂ ಸರಿಬಿದ್ದವು. ಎರಡು ತಿಂದೆ.