ಕಿವಿಯ ಹತ್ತಿರವೇ ನಿಂತ ಕೈ

ಹೋದ ವರ್ಷದ ಬೇಸಿಗೆ. ನಮ್ಮೂರು ಮರಳಿಯ ಸುತ್ತ ಎರಡನೇ ಬೆಳೆ ಭತ್ತದ ಕೊಯ್ಲು ಮುಗಿದಿತ್ತು. ನಾನು ಕೆಲಸ ಮಾಡುವ ಗೊಬ್ಬರದ ಅಂಗಡಿಯಲ್ಲಿ ನೊಣ ಓಡಿಸುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಹಾಗೆ ಕೂತಿದ್ದಾಗ ಫೋನಿಗೆ ಒಂದು ಸೂಚನೆ ಬಂತು. ಕಬಡ್ಡಿ ಪಂದ್ಯಗಳಿಗೆ ಸ್ವಯಂಸೇವಕ ಅಂಪೈರುಗಳು ಬೇಕಾಗಿದ್ದಾರೆ, ಕೊಪ್ಪಳದಲ್ಲಿ ಆರು ದಿನ ತರಬೇತಿ, ಊಟ, ವಸತಿ, ಬಸ್ ಚಾರ್ಜು, ಬಿಳಿ ಅಂಗಿ, ಬಿಳಿ ಪ್ಯಾಂಟು, ಸೀಟಿ ಎಲ್ಲವೂ ಪುಕ್ಕಟೆ. ಖರ್ಚನ್ನೆಲ್ಲ ಯಾರೋ ದಾನಿಗಳು ಕ್ರೀಡಾ ಸಮಿತಿಗೆ ಕೊಟ್ಟಿದ್ದರಂತೆ. ಬದಲಿಗೆ, ಪಾಸಾದವರು ಒಂದು ವರ್ಷ ಶಾಲೆ, ಹಳ್ಳಿ ಅಂತ ಕರೆದಲ್ಲಿಗೆ ಹೋಗಿ ಪಂದ್ಯ ನಡೆಸಿಕೊಡಬೇಕು. ತಾಲ್ಲೂಕಿಗೆ ಐದೇ ಜನ.

'ನಿಮ್ಮನ್ನು ಯಾಕೆ ಆರಿಸಬೇಕು?' ಅಂತ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. 'ನನ್ನ ದನಿ ದೊಡ್ಡದಿದೆ' ಎಂದು ಬರೆದೆ. ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣ ಬೇರೆ ಇತ್ತು.

ನಾನು ಊರಿಗೆಲ್ಲ ಅಣಕದ ಮಂಜ. ಅಂಗಡಿ ಮಾಲೀಕರು ಗಿರಾಕಿಗೆ 'ಸಾಲ ಇಲ್ಲ' ಅನ್ನುವ ದನಿ, ಗಂಗಾವತಿ ಬಸ್ಸಿನ ಕಂಡಕ್ಟರು ಸೀಟಿ ಹೊಡೆಯುವ ಮೊದಲು ಕೆಮ್ಮುವ ಕೆಮ್ಮು, ನಮ್ಮ ಅತ್ತೆ ಸೀರಿಯಲ್ ನೋಡುತ್ತಾ ಅಳುವುದು, ಎಲ್ಲ ನನಗೆ ಬರುತ್ತವೆ. ಒಮ್ಮೆ ನೋಡಿದರೆ ಸಾಕು, ಮೈಯೇ ಕಲಿತುಬಿಡುತ್ತದೆ. ಇದರಿಂದ ಆದ ನಷ್ಟ ಒಂದೇ. ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಹಿಂದೊಮ್ಮೆ ಹುಲ್ಲಿನ ಬಣವೆಯಲ್ಲಿ ಚೇಳು ಕಡಿದು ನಾನು ಬೊಬ್ಬೆ ಹೊಡೆದಾಗ ಅವ್ವ ಒಳಗಿನಿಂದಲೇ, "ಇದು ಯಾರ ದನಿನೋ? ಛಲೋ ಬಂತು, ಇನ್ನೊಮ್ಮೆ ಮಾಡು," ಅಂದಿದ್ದಳು. ಕೈ ಎತ್ತಿದರೆ ಇಪ್ಪತ್ತು ಜನ ಮರುಮಾತಿಲ್ಲದೆ ಒಪ್ಪುವ ಕೆಲಸ ಅಂಪೈರನದು. ಒಂದು ಸಲವಾದರೂ ಅಂಥ ಕೈ ನನ್ನದಾಗಲಿ ಅನ್ನುವ ಆಸೆ ನನಗಿತ್ತು.

ನಾನು ಆಯ್ಕೆಯಾದೆ. ಅವ್ವ ಬುತ್ತಿ ಕಟ್ಟುತ್ತಾ, "ನೀ ಅಂಪೈರ? ನಿನ್ನ ಮಾತು ನಮ್ಮ ಎಮ್ಮಿ ಕೇಳಂಗಿಲ್ಲ, ಆಟಗಾರರು ಕೇಳ್ತಾರನು?" ಅಂದಳು. ಮಾಲೀಕರು ರಜೆ ಕೊಟ್ಟರು. "ಸರ್ಟಿಫಿಕೇಟ್ ಇಲ್ದ ಬಂದಿ ಅಂದ್ರ, ಆರು ದಿನ ಯಾವ ಮದುವಿಯೊಳಗ ಉಂಡು ಬಂದಿ ಅಂತ ಊರಿಗೆಲ್ಲಾ ಕೇಳಸ್ತೀನಿ ನೋಡು," ಅಂತ ಆಶೀರ್ವಾದವನ್ನೂ ಮಾಡಿದರು. ಬಸ್ಸು ಹೇಮಗುಡ್ಡ ದಾಟುವ ತನಕ ಕಿಟಕಿಯ ಗಾಜಿನಲ್ಲಿ ನನ್ನ ಮುಖವನ್ನೇ ನೋಡಿಕೊಂಡು ಗಂಭೀರವಾಗಿರುವುದನ್ನು ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜ, "ಹೊಟ್ಟಿ ನೋವನೋ ತಮ್ಮಾ?" ಅಂತ ಕೇಳಿದ.

ತರಬೇತಿಯಲ್ಲಿ ನಾಲ್ಕು ತಾಲ್ಲೂಕುಗಳಿಂದ ಇಪ್ಪತ್ತು ಮಂದಿ ಇದ್ದೆವು. ಕಲಿಸುವವರು ವಿರೂಪಾಕ್ಷಪ್ಪ ಸರ್. ಕುಷ್ಟಗಿ ಕಡೆಯವರು, ನಿವೃತ್ತ ದೈಹಿಕ ಶಿಕ್ಷಕರು. ದನಿ ಅಂದರೆ ಜಲ್ಲಿ ಮಿಷಿನ್ನಿನೊಳಗೆ ಕಲ್ಲು ಹಾಕಿದ ಹಾಗೆ. ಮಾತಾಡುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪಾಯಿಂಟು ಕೊಡುವಾಗ ಅವರದೇ ಒಂದು ವರಸೆ ಇತ್ತು. ಪಕ್ಕಕ್ಕೆ ಉದ್ದಕ್ಕೆ ಒಂದು ಹೆಜ್ಜೆ ಇಟ್ಟು, ಮದುಮಗನ ಹಾಗೆ ಎದೆ ಉಬ್ಬಿಸಿ ಪೂರ್ತಿ ಸ್ಕೋರರ್ ಮೇಜಿನ ಕಡೆ ತಿರುಗಿ, ಬಲಗೈಯನ್ನು ಮಡಚಿ, ಕಿವಿಯ ಹತ್ತಿರ ಬೆರಳು ತೋರಿಸುತ್ತಿದ್ದರು. ಒಂದು ಪಾಯಿಂಟಿಗೆ ಒಂದು ಬೆರಳು, ಎರಡಕ್ಕೆ ಎರಡು, ಬೋನಸ್ಸಿಗೆ ಹೆಬ್ಬೆರಳು.

ನಮಗೆಲ್ಲ ಚಿತ್ರ ಹಾಕಿದ ಒಂದು ಪುಸ್ತಕ ಕೊಟ್ಟಿದ್ದರು. ನಾನು ಅದನ್ನು ತಲೆಗೆ ಇಟ್ಟುಕೊಂಡು ಮಲಗುತ್ತಿದ್ದೆ, ಅಷ್ಟೇ. ಕಣ್ಣೆದುರಿಗೆ ಆಳು ನಿಂತಿರುವಾಗ ಚಿತ್ರ ಯಾಕೆ? ಮುಂದಿನ ಸಾಲಿನಲ್ಲಿ ನಿಂತು ಸರ್ ಮಾಡಿದ್ದನ್ನೆಲ್ಲ ಮೈಗೆ ಇಳಿಸಿಕೊಂಡೆ. ಹಿಂದಿನವರು ಹೇಗೆ ಮಾಡುತ್ತಾರೆ ಅಂತ ಒಮ್ಮೆಯೂ ತಿರುಗಿ ನೋಡಲಿಲ್ಲ. ಸರ್ ಕೂಡ ಯಾವಾಗಲೂ ಹಿಂದಿನ ಸಾಲಿನವರನ್ನೇ ಬೈಯುತ್ತಾ ಇರುತ್ತಿದ್ದರು. ಮುಂದೆ ನಿಂತವರು ಜಾಣರು ಅನ್ನುವ ನಂಬಿಕೆ ಎಲ್ಲ ಮಾಸ್ತರರಿಗೂ ಇರುತ್ತದಲ್ಲ.

ಐದನೇ ದಿನ ಸಂಜೆ ಊಟಕ್ಕೆ ಮೊದಲು ಎಲ್ಲರೂ ವರಾಂಡದಲ್ಲಿ ಕೂತಿದ್ದೆವು. "ಮಂಜಣ್ಣಾ, ಸರ್‌ದು ಮಾಡಲೇ," ಅಂತ ಯಾರೋ ಕೂಗಿದರು. ಕೇಳಬೇಕೇ! ಗಂಟಲು ಎರಡು ಸಲ ಸರಿಮಾಡಿಕೊಂಡೆ, ಪಕ್ಕಕ್ಕೆ ಆ ಉದ್ದನೆಯ ಹೆಜ್ಜೆ ಇಟ್ಟೆ, ಎದೆ ಉಬ್ಬಿಸಿದೆ, ಕೈ ಮಡಚಿದೆ. ಜನ ಬಿದ್ದು ಬಿದ್ದು ನಕ್ಕರು. ಹೆಜ್ಜೆಯನ್ನೇ ನಾಲ್ಕು ಸಲ ಮಾಡಿಸಿದರು.

ನಗದೆ ಇದ್ದವಳು ಒಬ್ಬಳೇ, ಯಲಬುರ್ಗಾದ ಬಸಮ್ಮ. ಕಬಡ್ಡಿ ಆಡಿ ಮೊಣಕಾಲು ಕೆಡಿಸಿಕೊಂಡು ಅಂಪೈರ್ ಆಗಲು ಬಂದವಳು. ಎದ್ದು ಹೋಗುವಾಗ ನನ್ನೆದುರು ನಿಂತು, "ಎಲ್ಲಾರ ದನೀನೂ ಬರ್ತಾವಲ್ಲೋ ಅಣ್ಣಾ ನಿನಗ. ನಾಳೆ ಪರೀಕ್ಷಾದಾಗ ಸೀಟಿ ಯಾರು ಊದೋರು?" ಅಂದಳು.

ಆ ಮಾತು ನನಗೆ ಚುಚ್ಚಿತು. ನಾಳೆ ಒಂದು ದಿನ ಮಂಗನಾಟ ಬೇಡ, ನಗು ತರಿಸುವುದು ಒಂದನ್ನೂ ಮಾಡಬಾರದು ಅಂತ ಗಟ್ಟಿಯಾಗಿ ನಿರ್ಧಾರ ಮಾಡಿದೆ.

ಮರುದಿನ ಬೆಳಗ್ಗೆ ಪರೀಕ್ಷೆ. ಬೇರೆ ಜಿಲ್ಲೆಯಿಂದ ಒಬ್ಬರು ಮೇಡಂ ಪರೀಕ್ಷಕರಾಗಿ ಬಂದಿದ್ದರು. ನಗು ಅನ್ನುವುದು ಅವರ ಮುಖದ ದಾರಿಯನ್ನೇ ಮರೆತ ಹಾಗಿತ್ತು. ಎರಡು ಕಾಲೇಜು ತಂಡಗಳನ್ನು ಆಡಿಸುವುದು, ನಾವು ಒಬ್ಬೊಬ್ಬರೇ ಹತ್ತು ಹತ್ತು ನಿಮಿಷ ಅಂಪೈರ್ ಆಗುವುದು. ಅಂಕಣದ ಈ ಬದಿಗೆ ನಾನು, ಆ ಬದಿಗೆ ಸ್ಕೋರರ್ ಮೇಜು, ನಡುವೆ ಹದಿನಾಲ್ಕು ಜನ ಗಟ್ಟಿಮುಟ್ಟಾದ ಹುಡುಗರು.

ನಾನು ಶುರು ಮಾಡಿದೆ. ಗಂಟಲು ಸರಿಮಾಡಿಕೊಳ್ಳಲಿಲ್ಲ. ಹೆಜ್ಜೆ ಇಡಲಿಲ್ಲ. ಎದೆ ಉಬ್ಬಿಸಲಿಲ್ಲ. ಕಂಬದ ಹಾಗೆ ನಿಂತು, ದಾಳಿಗೆ ಹೋದವನು ಇಬ್ಬರನ್ನು ಮುಟ್ಟಿ ಬಂದಾಗ ನಿಯಮದ ಪ್ರಕಾರ ಅಂದುಕೊಂಡು ಕೈ ಮಡಚಿ ಕಿವಿಯ ಹತ್ತಿರ ಎರಡು ಬೆರಳು ತೋರಿಸಿದೆ. ನಮ್ಮವರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಂದೆ ಬೋನಸ್ಸು ಬಂತು. ಕಿವಿಯ ಹತ್ತಿರ ಹೆಬ್ಬೆರಳು. ಈಗ ನಾಲ್ಕು ಜನ ನಕ್ಕರು. ನನಗೆ ಯಾಕೆಂದು ತಿಳಿಯಲಿಲ್ಲ. ಪ್ಯಾಂಟಿನ ಗುಂಡಿ ಮುಟ್ಟಿ ನೋಡಿಕೊಂಡೆ, ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಒಂದು ತಂಡದ ಕ್ಯಾಪ್ಟನ್ ಆಟ ನಿಲ್ಲಿಸಿದ. "ಮೂರು ಪಾಯಿಂಟ್ ಹೊಡದೀವಿ, ಬೋರ್ಡಿನ್ಯಾಗ ಒಂದೂ ಇಲ್ಲ. ಏನ್ರಿ ಇದು?"

ಸ್ಕೋರರ್ ಎದ್ದು ನಿಂತು ಕೂಗಿದ. "ನಾ ಏನ್ ಬರೀಲ್ರಿ? ಅಂಪೈರ್ ಕೈನ ಕಾಣಂಗಿಲ್ಲ. ತಲಿ ಕೆರಕೊಳ್ಳಾಕತ್ತಾರ ಅಂತ ಸುಮ್ನ ಕುಂತೆ!"

ಇಡೀ ಮೈದಾನ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. "ಏನಿದು? ಯಾಕೆ ನಗ್ತಾ ಇದೀರಿ?" ಅಂತ ಗದರಿದರು. ಹಿಂದಿನಿಂದ ಯಾರೋ, "ವಿರೂಪಾಕ್ಷಪ್ಪ ಸರ್ ಗತೆ ಮಾಡಾಕತ್ತಾನ್ರಿ ಮೇಡಂ, ನಿನ್ನೆ ಸಂಜೀನೂ ಮಾಡಿದ್ದ," ಅಂದುಬಿಟ್ಟರು.

ಮೇಡಂ ನನ್ನ ಹತ್ತಿರ ಬಂದು ಕೈ ಚಾಚಿದರು. ಸೀಟಿ ಕೇಳುತ್ತಿದ್ದಾರೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಆಟ ಆಡ್ತಾ ಭುಜ ಮುರ್ಕೊಂಡು, ಇಪ್ಪತ್ತು ವರ್ಷದಿಂದ ಕೈ ಮೇಲೆತ್ತೋಕೆ ಆಗದ ಮನುಷ್ಯ ಅವರು. ಅಂಥವರನ್ನ ಪರೀಕ್ಷೆಯಲ್ಲೇ ಅಣಕ ಮಾಡ್ತೀಯಲ್ಲ? ನಿನ್ನಂಥವನಿಗೆ ಸೀಟಿ ಕೊಡೋಕೆ ಆಗಲ್ಲ. ಹೊರಗೆ ಹೋಗಿ ನಿಂತ್ಕೋ."

ಸರ್ ಭುಜ ಕೆಟ್ಟಿದೆ ಅನ್ನುವುದು ನನಗೆ ದೇವರಾಣೆ ಗೊತ್ತಿರಲಿಲ್ಲ. ಪಾಯಿಂಟು ತೋರಿಸುವ ರೀತಿಯೇ ಅದು ಅಂತ ನಾನು ಕಲಿತಿದ್ದೆ. "ಖರೇನ ಗೊತ್ತಿರಲಿಲ್ರಿ ಮೇಡಂ," ಅಂದೆ. ಅದನ್ನು ಕೇಳಿಯೂ ಹಿಂದೆ ಇಬ್ಬರು ನಕ್ಕರು. ಅದೂ ಯಾರದೋ ಅಣಕ ಅಂದುಕೊಂಡಿರಬೇಕು. ಚೇಳು ಕಡಿದ ದಿನವೇ ಮತ್ತೆ ಬಂದಿತ್ತು.

ಆಗ ಬಂದರು ವಿರೂಪಾಕ್ಷಪ್ಪ ಸರ್. ಎರಡು ಸಲ ಗಂಟಲು ಸರಿಮಾಡಿಕೊಂಡರು. ನಾನು ನೆಲ ನೋಡುತ್ತಾ ನಿಂತೆ.

"ಮಂಜ್ಯಾ, ಪುಸ್ತಕದಾಗ ಚಿತ್ರ ನೋಡಿಲ್ಲನಲೇ?"

"ಇಲ್ರಿ ಸರ್ರ. ನಿಮ್ಮನ್ನ ನೋಡಿ ಕಲ್ತೆ."

ಸರ್ ಮೇಡಂ ಕಡೆ ತಿರುಗಿದರು. "ಇವ ಅಣಕ ಮಾಡಿಲ್ರಿ ಮೇಡಂ. ಇವನ ಅಣಕ ಹ್ಯಾಂಗಿರ್ತೈತಿ ಅಂತ ನಿನ್ನೆ ಸಂಜೀ ಕಿಟಕ್ಯಾಗ ನಿಂತು ನೋಡೇನಿ. ನಕ್ಕೇನಿ ಸೈತ. ನನ್ನ ಕೈ ಮ್ಯಾಲೆ ಏಳಂಗಿಲ್ಲ, ಅದಕ್ಕ ಹುಡುಗರ ಮರೆ ತಪ್ಪಿಸಿ ಪಕ್ಕಕ್ಕೊಂದು ಹೆಜ್ಜಿ ಹಾಕಿ ಮೇಜಿಗೆ ಕಾಣಸ್ತೀನಿ. ಜನ ನಗೋದು ಆ ಹೆಜ್ಜಿಗೆ. ಅಣಕ ಮಾಡೋನಾಗಿದ್ರ ಇವ ಮೊದಲು ಅದನ್ನ ಹಾಕ್ತಿದ್ದ. ನಗು ತರಸೋದು ಎಲ್ಲಾ ಬಿಟ್ಟು, ನಿಯಮ ಅಂತ ತಿಳಕೊಂಡಿದ್ದು ಅಷ್ಟ ಮಾಡ್ಯಾನ. ತಪ್ಪು ಇವನ ಬುದ್ಧೀದಲ್ಲ, ನನ್ನ ಭುಜದ್ದು. ಕಲಿಸುವಾಗ ನಾ ಒಂದು ಮಾತು ಹೇಳಬೇಕಿತ್ತು."

ಮೇಡಂ ಪಟ್ಟಿ ತಿರುವಿ ನೋಡಿದರು. ಆಮೇಲೆ, "ಎಲ್ಲರದು ಮುಗಿದ ಮೇಲೆ ಕೊನೆಗೆ ಇನ್ನೊಂದು ಸಲ. ಇದೇ ಕೊನೆ," ಅಂದರು. ಸೀಟಿ ಇನ್ನೂ ಅವರ ಕೈಯಲ್ಲೇ ಇತ್ತು.

ಬಸಮ್ಮ ನನ್ನನ್ನು ಮೈದಾನದಾಚೆಯ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು. "ಈ ಟೊಂಗಿ ಎಲಿ ಮುಟ್ಟು. ಒಂದು ಪಾಯಿಂಟ್ ಅಂದ್ರ ಒಂದು ಬೆರಳು, ಎಲಿಗೆ ತಾಗಬೇಕು." ಎತ್ತಿದೆ. ಕೈ ತಾನಾಗಿಯೇ ಕಿವಿಯ ಹತ್ತಿರ ಬಂದು ನಿಂತಿತು. ಐದು ದಿನ ಮೈಗೆ ಇಳಿಸಿದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? "ಯಪ್ಪಾ, ನಿನ್ನ ಭುಜ ಗಟ್ಟಿ ಐತಿ! ಗೊಬ್ಬರದ ಚೀಲ ಎತ್ತೋ ಕೈ ಅಲ್ಲನ ಅದು?" ಅಂತ ಬೈದಳು. ಮತ್ತೆ ಎತ್ತಿದೆ. ಮತ್ತೆ ಬೈದಳು. ಬಿಸಿಲು ಏರುವ ಹೊತ್ತಿಗೆ ನನ್ನ ಬೆರಳಿಗೆ ಬೇವಿನ ಎಲೆ ತಾಗತೊಡಗಿತು.

ಮೇಡಂ ಹತ್ತು ನಿಮಿಷಕ್ಕೆ ಅಂತ ಸೀಟಿ ಕೊಟ್ಟರು, ಎರಡನೇ ಸಲ ಅಂಕಣಕ್ಕೆ ಇಳಿದೆ. ಮೂರನೇ ದಾಳಿಯಲ್ಲೇ ಗಂಟು ಬಿತ್ತು. ದಾಳಿಗಾರ ತನ್ನ ಬೋನಸ್ ಆಯಿತು ಅಂತ ಕುಣಿಯುತ್ತಿದ್ದಾನೆ, ಆ ಕಡೆಯವರು ಇಲ್ಲ ಅಂತ ಕೂಗುತ್ತಿದ್ದಾರೆ. ಅವನ ಹಿಂದಿನ ಕಾಲು ನೆಲ ಬಿಟ್ಟು ಎದ್ದಿದ್ದನ್ನು, ಮುಂದಿನದು ಬೋನಸ್ ಗೆರೆಯ ಆಚೆ ಊರಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಸೀಟಿ ಊದಿದೆ. ಕೈ ಮೇಲೆ ಹೋಯಿತು, ಎಲ್ಲ ತಲೆಗಳನ್ನೂ ದಾಟಿ, ತುದಿಯಲ್ಲಿ ಹೆಬ್ಬೆರಳು. "ಬೋನಸ್!" ಅಂದೆ. ನನ್ನ ಬಾಯಿಂದ ಬಂದ ದನಿ ಯಾರದೂ ಆಗಿರಲಿಲ್ಲ. ಸ್ವಲ್ಪ ತೆಳುವಾಗಿ, ಅವ್ವನಿಗೆ 'ಇನ್ನೊಂದು ರೊಟ್ಟಿ' ಅಂತ ಕೇಳುವ ದನಿ. ಸ್ಕೋರರ್ ತಲೆ ಬಗ್ಗಿಸಿ ಬರೆದುಕೊಂಡ. ಕೂಗುತ್ತಿದ್ದವರು ಗೊಣಗುತ್ತಾ ತಮ್ಮ ಜಾಗಕ್ಕೆ ಹೋದರು.

ಸಂಜೆ ಪಾಸಾದವರ ಹೆಸರು ಓದಿದರು. ನನ್ನದು ಹದಿನೇಳನೆಯದು. ಅದನ್ನು ಕೇಳುವ ತನಕ ನಾನು ಉಸಿರು ಹಿಡಿದುಕೊಂಡೇ ನಿಂತಿದ್ದೆ ಅಂತ ಕಾಣುತ್ತದೆ. ಹೆಸರು ಬಂದದ್ದೇ ಹೊಟ್ಟೆಯಿಂದ ಒಂದು ನಿಟ್ಟುಸಿರು ಹೊರಟಿತು. ಪಕ್ಕದಲ್ಲಿದ್ದ ಬಸಮ್ಮ, "ಟ್ರ್ಯಾಕ್ಟರ್ ಟಾಯರ್ ಪಂಕ್ಚರ್ ಆದಂಗ ಆತಲ್ಲೋ," ಅಂದಳು. ಮೇಡಂ ಸರ್ಟಿಫಿಕೇಟಿನ ಮೇಲೆ ಸೀಟಿ ಇಟ್ಟು ಕೊಟ್ಟರು. ಆಗಲೂ ನಗಲಿಲ್ಲ.

ಸರ್ ಕಾಲು ಮುಟ್ಟಲು ಹೋದೆ. "ಮಾಫಿ ಕೇಳ್ಬೇಕ್ರಿ ಸರ್ರ, ವರಾಂಡದಾಗ ಮಾಡಿದ್ದಕ್ಕ..." ಅನ್ನುವಷ್ಟರಲ್ಲಿ ಅವರು ಫೋನು ತೆಗೆದು, "ಅದಿರಲಿ. ನನ್ನ ದನೀಲೆ ನಮ್ಮ ಮನಿಯಾಕಿಗೆ ಒಂದು ಮಾತು ಹೇಳು. ಬರೋದು ತಡ ಆಗ್ತೈತಿ ಅನ್ನು," ಅಂದರು. ಜಲ್ಲಿ ಮಿಷಿನ್ನಿನ ದನಿಯಲ್ಲಿ ಹೇಳಿದೆ. ಆ ಕಡೆಯಿಂದ, "ಯಾರಪಾ ನೀನು? ನಮ್ಮೋರು ತಡ ಆಗ್ತೈತಿ ಅಂತ ಯಾವತ್ತೂ ಹೇಳಿ ತಡ ಮಾಡಿಲ್ಲ," ಅಂತ ಉತ್ತರ ಬಂತು. ಸರ್ ತಮ್ಮ ಭುಜ ಹಿಡಿದುಕೊಂಡು ನಕ್ಕರು.

ನನ್ನ ಮೊದಲ ಪಂದ್ಯ ಕುಷ್ಟಗಿ ಹತ್ತಿರದ ಒಂದು ಹೈಸ್ಕೂಲಿನ ಹುಡುಗಿಯರದು. ಒಬ್ಬಳು ದಾಳಿಗೆ ಹೋಗಿ ಅಂಕಣದ ಅಂಚಿನ ಗೆರೆ ದಾಟಿದಳು. ಸೀಟಿ ಊದಿ ಕೈ ಎತ್ತಿದೆ. ಅವಳು ತಿರುಗಿ ನನ್ನ ಕೈ ನೋಡಿದಳು, ಒಂದು ಮಾತೂ ಆಡದೆ ಹೊರಗೆ ನಡೆದಳು. ನನಗೆ ಅವಳನ್ನು ನಿಲ್ಲಿಸಿ, 'ಯವ್ವಾ, ನಂಬಿದೆಯಾ? ಖರೇನ ನಂಬಿದೆಯಾ?' ಅಂತ ಕೇಳುವ ಹಾಗಾಗಿತ್ತು.

ಅರ್ಧ ಆಟದ ಹೊತ್ತಿಗೆ ಹೊರಗೆ ಕೂತ ಹುಡುಗಿಯರ ಸಾಲಿನಿಂದ ಕಿಸಿಕಿಸಿ ನಗು ಕೇಳಿತು. ಆ ನಗು ಎಂಥದು ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಓರೆಗಣ್ಣಿನಲ್ಲಿ ನೋಡಿದೆ. ಔಟಾಗಿ ಹೋದವಳೇ ಎದ್ದು ನಿಂತು, ಗಲ್ಲ ಉಬ್ಬಿಸಿ ಇಲ್ಲದ ಸೀಟಿ ಊದುತ್ತಾ, ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು, ಆಕಾಶಕ್ಕೆ ಬೆರಳು ಚುಚ್ಚುತ್ತಿದ್ದಳು. ಯಾರಪ್ಪಾ ಇದು, ಬೇವಿನ ಎಲೆ ಹರಿಯುವವನ ಹಾಗೆ, ಅಂತ ಅಂದುಕೊಳ್ಳುವಷ್ಟರಲ್ಲಿ ಹೊಳೆಯಿತು. ನಾನೇ.

ಇಷ್ಟು ವರ್ಷ ಊರವರ ವರಸೆಯನ್ನೆಲ್ಲ ಹೊತ್ತು ತಿರುಗಿದವನಿಗೆ ತನ್ನದೂ ಒಂದು ಇದೆ ಅಂತ ಗೊತ್ತೇ ಇರಲಿಲ್ಲ. ಗದರಿಸುವುದಿರಲಿ, ಅವಳಿಗೆ ಇನ್ನೊಮ್ಮೆ ಮಾಡಿ ತೋರಿಸು ಅನ್ನೋಣ ಅನ್ನಿಸಿತು. ಆದರೆ ಅಂಪೈರ್ ಅಲ್ಲವೇ, ಕಾಣದವನ ಹಾಗೆ ಮುಖ ತಿರುಗಿಸಿದೆ. ಮುಂದಿನ ದಾಳಿಗೆ ಸೀಟಿ ಊದಿದೆ. ನೋಡುತ್ತಿದ್ದ ಹಾಗೆ ಹಿಮ್ಮಡಿಗಳು ತಾವಾಗಿಯೇ ಮೇಲೆದ್ದವು.